ಕರ್ನಾಟಕದ ಹಬ್ಬಗಳಲ್ಲಿ ಹೂವು

ಕರ್ನಾಟಕದ ಹಬ್ಬ, ಜಾತ್ರೆ, ಕೋಲ, ಉರುಸುಗಳಲ್ಲಿ ಹೂವು ಪೂಜಾದ್ರವ್ಯವಾಗಿ, ಅಲಂಕಾರದ ಸಾಮಗ್ರಿಯಾಗಿ, ಹೆಂಗಸರು ಮುಡಿಯುವ ಮಂಗಳವಸ್ತುವಾಗಿ, ಕೆಲವೆಡೆ ದೇವರ ಒಪ್ಪಿಗೆಯನ್ನು ತಿಳಿಸುವ ಕುರುಹಾಗಿ ಬಳಕೆಯಲ್ಲಿದೆ. ಯಾವ ದೇವರಿಗೆ ಯಾವ ಹೂವು ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ಪುರಾಣಗಳೂ ಆಗಮಗಳೂ ವಿಧಿಸಿರುವುದು ನಿಜವಾದರೂ, ಹಬ್ಬದ ದಿನ ಮನೆಯ ದೇವರ ಮೇಲೆ ಏರುವ ಹೂವನ್ನು ಗೊತ್ತುಮಾಡಿದ್ದು ಬಹುಮಟ್ಟಿಗೆ ಆ ತಿಂಗಳಿನಲ್ಲಿ ಆ ಊರಿನ ಬೇಲಿ, ಹೊಲ, ಕೆರೆ, ಕಾಡುಗಳಲ್ಲಿ ಏನು ಅರಳುತ್ತದೆ ಎಂಬುದೇ. ಆದ್ದರಿಂದಲೇ ಒಂದೇ ಹಬ್ಬಕ್ಕೆ ಕರಾವಳಿಯಲ್ಲೊಂದು ಹೂವು, ಬಯಲುಸೀಮೆಯಲ್ಲೊಂದು ಹೂವು ಮುಖ್ಯವಾಗುತ್ತದೆ. ಒಂದೇ ಹೂವು ಮಲೆನಾಡಿನಲ್ಲಿ ಗೌರಿಯ ಮುಡಿಗೂ ಕೊಡಗಿನಲ್ಲಿ ಕೋವಿಯ ನಳಿಗೆಗೂ ಸಲ್ಲುತ್ತದೆ.

ಹಬ್ಬಕ್ಕೂ ಹೂವಿಗೂ ವರ್ಷವರ್ಷವೂ ತಪ್ಪದೆ ಭೇಟಿಯಾಗುವುದರ ಹಿಂದೆ ಪಂಚಾಂಗದ ಲೆಕ್ಕವಿದೆ. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ, ಸೌರಮಾನ ವರ್ಷಕ್ಕೆ ಸುಮಾರು 365 ದಿನ. ಈ ಅಂತರ ಬೆಳೆಯುತ್ತ ಹೋಗದಂತೆ ಸುಮಾರು ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಅಧಿಕಮಾಸವನ್ನು ಸೇರಿಸುವುದರಿಂದ ಯುಗಾದಿ ಬೇವು ಹೂ ಬಿಡುವ ಕಾಲವನ್ನೂ, ಗೌರಿಹಬ್ಬ ಮಳೆಗಾಲದ ಕೊನೆಯನ್ನೂ ಬಿಟ್ಟು ದೂರ ಸರಿಯುವುದಿಲ್ಲ. ಅಧಿಕಮಾಸವಿಲ್ಲದ ಹಿಜರಿ ವರ್ಷದಲ್ಲಿ ಹೀಗಾಗುವುದಿಲ್ಲ. ಕಲಬುರಗಿಯ ಖ್ವಾಜಾ ಬಂದೇ ನವಾಜ್ ದರ್ಗಾದ ಉರುಸು ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ; ಸಮಾಧಿಗಳ ಮೇಲೆ ಹೊದಿಸುವ ಹೂವಿನ ಚಾದರಕ್ಕೆ ಯಾವುದೇ ಒಂದು ಋತುವಿನ ಹೂವು ಅಂಟಿಕೊಳ್ಳದೆ, ವರ್ಷವಿಡೀ ಸಿಗುವ ಗುಲಾಬಿ, ಮಲ್ಲಿಗೆಗಳೇ ರೂಢಿಯಾಗಿರುವುದಕ್ಕೆ ಇದೂ ಒಂದು ಕಾರಣವೆನ್ನಬಹುದು.

ಹೂವಿನ ಬಳಕೆ ಇಲ್ಲಿ ಹಳೆಯದು. ದೇವಾಲಯಗಳಿಗೆ ಗದ್ದೆ, ಬೆದ್ದಲುಗಳ ಜೊತೆಗೆ ಹೂದೋಟಗಳನ್ನೂ ದತ್ತಿ ಬಿಟ್ಟ ಸಂಗತಿ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದೇವರ ನಿತ್ಯಪೂಜೆಗೆ ಹೂವು ತಪ್ಪಬಾರದೆಂಬುದು ಅದರ ಉದ್ದೇಶ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಅರಸನ ಉಪಭೋಗಗಳಲ್ಲಿ ಮಾಲೆಗಳನ್ನು ಧರಿಸುವುದನ್ನೂ ಸೇರಿಸಿ ವಿವರಿಸುತ್ತದೆ. 1443ರಲ್ಲಿ ಇಮ್ಮಡಿ ದೇವರಾಯನ ಕಾಲದ ವಿಜಯನಗರಕ್ಕೆ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್, ಆ ಪಟ್ಟಣದಲ್ಲಿ ಎಲ್ಲೆಲ್ಲೂ ಗುಲಾಬಿ ಮಾರಾಟಕ್ಕಿರುವುದನ್ನೂ ಜನರಿಗೆ ಅದು ಅನ್ನದಷ್ಟೇ ಅಗತ್ಯವಾಗಿರುವುದನ್ನೂ ಕಂಡು ಬರೆದಿಟ್ಟಿದ್ದಾನೆ. ಇಂದಿನ ವಿಜಯನಗರ ಜಿಲ್ಲೆಯ ಹೂವಿನ ಹಡಗಲಿಯಿಂದ ತುಂಗಭದ್ರೆಯ ಮೇಲೆ ಹಂಪಿಯ ವಿರೂಪಾಕ್ಷನಿಗೆ ಹೂವು ಹೋಗುತ್ತಿತ್ತೆಂಬ ಪ್ರತೀತಿ ಆ ಸೀಮೆಯಲ್ಲಿ ಈಗಲೂ ಉಳಿದಿದೆ.

ವರ್ಷದ ಮೊದಲ ಹಬ್ಬವಾದ ಯುಗಾದಿಯಲ್ಲಿ ಹೂವು ಕಣ್ಣಿಗಿಂತ ಮೊದಲು ನಾಲಗೆಗೆ ಸಿಗುತ್ತದೆ. ಬೇವಿನ ಎಳೆಯ ಚಿಗುರನ್ನೂ ಸಣ್ಣ ಬಿಳಿಯ ಹೂಗಳನ್ನೂ ಬೆಲ್ಲದೊಡನೆ ಬೆರೆಸಿ, ದೇವರಿಗೆ ತೋರಿಸಿ, ಮನೆಮಂದಿಯೆಲ್ಲ ತಿನ್ನುವ ಬೇವುಬೆಲ್ಲದ ಆಚರಣೆ ಬೇವು ಹೂ ಬಿಡುವ ಕಾಲಕ್ಕೇ ಒಪ್ಪಿದ್ದು. ಅದಕ್ಕೆ ತುಸು ಮೊದಲು, ಫಾಲ್ಗುಣದಲ್ಲಿ, ಎಲೆಯುದುರಿದ ಮುತ್ತುಗದ ಮರಗಳು ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಉತ್ತರ ಕರ್ನಾಟಕದಲ್ಲಿ ಮುತ್ತಲ ಎಂದೂ ಕರೆಯುವ ಇದರ ಹೂವನ್ನು ನೀರಿನಲ್ಲಿ ಕುದಿಸಿ ತೆಗೆದ ಹಳದಿ ಕೇಸರಿ ಬಣ್ಣವನ್ನು ಹೋಳಿಯ ಓಕುಳಿಗೆ ಬಳಸುವುದು ರೂಢಿಯಲ್ಲಿತ್ತು. ಪುಡಿಬಣ್ಣಗಳು ಅಂಗಡಿಗೆ ಬಂದ ಮೇಲೆ ಈ ರೂಢಿ ಹಿಂದೆ ಸರಿದಿದೆ.

ಚೈತ್ರದ ಹುಣ್ಣಿಮೆಯ ರಾತ್ರಿ ನಡೆಯುವ ಬೆಂಗಳೂರು ಕರಗ ಹೂವನ್ನೇ ದೇವತೆಯ ರೂಪವಾಗಿಸಿಕೊಂಡ ಹಬ್ಬ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ ಈ ಉತ್ಸವವನ್ನು ನಡೆಸುವವರು ವಹ್ನಿಕುಲ ಕ್ಷತ್ರಿಯರೆಂದು ಕರೆದುಕೊಳ್ಳುವ ತಿಗಳರು. ಇವರು ಪರಂಪರೆಯಿಂದ ಬೆಂಗಳೂರಿನ ಸುತ್ತ ಹೂವು, ತರಕಾರಿ ಬೆಳೆದು ಬದುಕಿದ ತೋಟಗಾರರೆಂಬುದನ್ನು ನೆನೆದರೆ, ಈ ಹಬ್ಬದಲ್ಲಿ ಮಲ್ಲಿಗೆಗಿರುವ ಸ್ಥಾನ ಆಶ್ಚರ್ಯದ್ದೆನಿಸದು. ಹುಣ್ಣಿಮೆಗೆ ಮುನ್ನ ನೀರಿನ ದಡದಲ್ಲಿ ನಡೆಯುವ ಹಸಿಕರಗದ ನಂತರ, ಮುಖ್ಯ ರಾತ್ರಿ ಹೂವಿನ ಕರಗ ಹೊರಡುತ್ತದೆ. ದ್ರೌಪದಿಯ ಅಂಶವೆಂದು ನಂಬಲಾದ ಕರಗವೆಂಬ ಕಲಶವನ್ನು ಮಲ್ಲಿಗೆಯಿಂದ ಗೋಪುರದಂತೆ ಮುಚ್ಚಿರುತ್ತಾರೆ. ಸೀರೆಯುಟ್ಟು, ಬಳೆ ತೊಟ್ಟು, ಹೆಣ್ಣಿನ ಅಲಂಕಾರ ಮಾಡಿಕೊಂಡ ಪೂಜಾರಿ ಅದನ್ನು ಕೈ ಮುಟ್ಟಿಸದೆ ತಲೆಯ ಮೇಲೆ ನಿಲ್ಲಿಸಿಕೊಂಡು ಪೇಟೆಯ ಬೀದಿಗಳನ್ನು ಸುತ್ತುತ್ತಾನೆ. ಬಿಚ್ಚುಗತ್ತಿ ಹಿಡಿದ ವೀರಕುಮಾರರು ಜೊತೆಗೆ ನಡೆಯುತ್ತಾರೆ. ಕರಗ ಬರುವ ದಾರಿಯಲ್ಲಿ ನಿಂತ ಜನ ಮಲ್ಲಿಗೆ ಮೊಗ್ಗನ್ನು ಬೊಗಸೆಯಲ್ಲಿ ತುಂಬಿ ಎರಚುವುದರಿಂದ, ಬೆಳಗಿನ ಹೊತ್ತಿಗೆ ಪೇಟೆಯ ಬೀದಿಗಳು ತುಳಿದ ಮಲ್ಲಿಗೆಯಿಂದ ತುಂಬಿರುತ್ತವೆ. ಮೆರವಣಿಗೆ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಭೇಟಿ ಕೊಟ್ಟು ಮುಂದೆ ಹೋಗುವುದು ವಾಡಿಕೆ. ಬೇಸಿಗೆ ಏರುತ್ತಿದ್ದಂತೆ ಮಲ್ಲಿಗೆಯ ಇಳುವರಿ ಹೆಚ್ಚುವ ಕಾಲಕ್ಕೆ ಈ ಹಬ್ಬ ಬರುವುದರಿಂದಲೇ ಇಷ್ಟು ಹೂವನ್ನು ಒಂದೇ ರಾತ್ರಿ ಬೀದಿಗೆ ಚೆಲ್ಲುವ ಧಾರಾಳತನ ಸಾಧ್ಯವಾಗಿದೆ. ಇದೇ ಋತುವಿನಲ್ಲಿ ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಗಳ ಊರಹಬ್ಬಗಳಲ್ಲಿ ರಾತ್ರಿಯಿಡೀ ಸಾಗುವ ಹೂವಿನ ಪಲ್ಲಕ್ಕಿಗಳಿಗೂ ಇದೇ ಮಾತು ಸಲ್ಲುತ್ತದೆ.

ಕರ್ನಾಟಕದ ಮಲ್ಲಿಗೆಗಳಲ್ಲಿ ಮೈಸೂರು, ಹಡಗಲಿ, ಉಡುಪಿ ಮಲ್ಲಿಗೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಒಂದು ಊರಿನ ಮಣ್ಣು ಹವೆಗಳಿಂದ ವಿಶೇಷ ಗುಣ ಪಡೆದ ಸರಕಿಗೆ ಆ ಊರಿನ ಹೆಸರಿನಲ್ಲೇ ಸಿಗುವ ಕಾನೂನುಬದ್ಧ ರಕ್ಷಣೆ, ದೊರೆತಿದೆ. ಇವುಗಳಲ್ಲಿ ಹಬ್ಬದ ಲೆಕ್ಕಾಚಾರ ಎದ್ದು ಕಾಣುವುದು ಉಡುಪಿ ಮಲ್ಲಿಗೆಯಲ್ಲಿ. ಕಾಪು ತಾಲ್ಲೂಕಿನ ಶಂಕರಪುರ ಇದರ ಕೇಂದ್ರ. ಆದ್ದರಿಂದ ಶಂಕರಪುರ ಮಲ್ಲಿಗೆಯೆಂಬ ಹೆಸರೂ ಉಂಟು. ಮನೆಯಂಗಳದ ಗಿಡಗಳಿಂದ ಬೆಳಿಗ್ಗೆಯೇ ಮೊಗ್ಗು ಕೊಯ್ದು, ನೀರಿನಲ್ಲಿ ನೆನೆಸಿದ ಬಾಳೆಯ ನಾರಿನಿಂದ ಒತ್ತೊತ್ತಾಗಿ ಕಟ್ಟುತ್ತಾರೆ. 800 ಮೊಗ್ಗುಗಳು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡುಗಳು ಸೇರಿದರೆ ಒಂದು ಅಟ್ಟೆ. ಬಯಲುಸೀಮೆಯಲ್ಲಿ ಕಟ್ಟಿದ ಹೂವನ್ನು ಮೊಳ, ಮಾರುಗಳಲ್ಲಿ ಅಳೆದರೆ ಇಲ್ಲಿ ಎಣಿಕೆಯ ಮೇಲೆ ವ್ಯಾಪಾರ ನಡೆಯುತ್ತದೆ, ಅಟ್ಟೆಯ ದರ ದಿನದಿನವೂ ಗೊತ್ತಾಗುತ್ತದೆ. ದೀಪಾವಳಿ ಕಳೆದ ಮೇಲೆ ಆರಂಭವಾಗಿ ಮೇ ತಿಂಗಳ ಕೊನೆಯ ವಾರ ಬರುವ ಪತ್ತನಾಜೆಯವರೆಗೆ ನಡೆಯುವ ಕೋಲ, ನೇಮಗಳೆಂಬ ದೈವಾರಾಧನೆಗಳೂ ಜಾತ್ರೆಗಳೂ ಮದುವೆಗಳೂ ಒಟ್ಟಿಗೆ ಬಿದ್ದ ದಿನ ಮಲ್ಲಿಗೆಯ ದರ ಗಗನಕ್ಕೇರುವುದು ತುಳುನಾಡಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಬೆಳೆಯುವವರಲ್ಲಿ ಕ್ರೈಸ್ತ ಕುಟುಂಬಗಳೂ ಸಾಕಷ್ಟಿವೆ. ದೈವಕ್ಕೆ ಏರುವ ಮಲ್ಲಿಗೆ ಯಾರ ಅಂಗಳದ್ದೆಂದು ಕರಾವಳಿಯಲ್ಲಿ ಯಾರೂ ಕೇಳುವುದಿಲ್ಲ. ಮುಂಬಯಿಯಲ್ಲೂ ಕೊಲ್ಲಿ ರಾಷ್ಟ್ರಗಳಲ್ಲೂ ನೆಲೆಸಿದ ಕರಾವಳಿಗರಿಗಾಗಿ ಈ ಮಲ್ಲಿಗೆ ಅಲ್ಲಿಗೂ ಹೋಗುತ್ತದೆ.

ದೈವಾರಾಧನೆಯಲ್ಲಿ ಮಲ್ಲಿಗೆಯ ಜೊತೆಗೆ ತಪ್ಪದೆ ಇರಬೇಕಾದದ್ದು ಹಿಂಗಾರ, ಎಂದರೆ ಅಡಿಕೆಯ ಹೂಗೊನೆ. ಹಾಳೆಯೊಳಗಿಂದ ಬಿಡಿಸಿದ ಹಿಂಗಾರವನ್ನು ನಾಗನಿಗೂ ದೈವಕ್ಕೂ ಅರ್ಪಿಸುತ್ತಾರೆ. ದರ್ಶನ ಬಂದ, ಎಂದರೆ ದೈವ ಮೈದುಂಬಿದ, ಪಾತ್ರಿ ಅದನ್ನೇ ಕೈಯಲ್ಲಿ ಹಿಡಿಯುತ್ತಾನೆ, ಅದರ ಎಸಳುಗಳನ್ನು ಪ್ರಸಾದವಾಗಿ ಕೊಡುತ್ತಾನೆ. ಶ್ರಾವಣದ ನಾಗರಪಂಚಮಿಯಲ್ಲಿ ಕರಾವಳಿಯವರು ಇದರೊಡನೆ ಸಂಪಿಗೆಯನ್ನೂ ಕೇದಗೆಯನ್ನೂ ಅರ್ಪಿಸುತ್ತಾರೆ. ಹಳ್ಳ, ಹೊಳೆ, ಕಡಲದಂಡೆಗಳ ಮುಳ್ಳುಪೊದೆಗಳಲ್ಲಿ ಬೆಳೆಯುವ ಕೇದಗೆಯ ಬುಡದಲ್ಲಿ ಹಾವು ಇರುತ್ತದೆಂಬ ನಂಬಿಕೆಗೂ ಈ ಅರ್ಪಣೆಗೂ ನಂಟಿರುವಂತಿದೆ. ಬ್ರಹ್ಮನ ಪರವಾಗಿ ಸುಳ್ಳುಸಾಕ್ಷಿ ಹೇಳಿದ್ದಕ್ಕೆ ಶಿವ ಕೇದಗೆಯನ್ನು ಶಪಿಸಿದನೆಂಬ ಪುರಾಣಕಥೆಯಿಂದಾಗಿ ಅದು ಶಿವಪೂಜೆಗೆ ವರ್ಜ್ಯವೆನಿಸಿದೆ. ಆದರೆ ಶಿವನ ಕೊರಳಿಗೆ ಸುತ್ತಿಕೊಂಡ ನಾಗನಿಗೆ ಅದು ಪ್ರಿಯ! ಶಾಸ್ತ್ರದ ನಿಷೇಧಕ್ಕಿಂತ ಪೊದೆಯ ಪರಿಚಯ ಮೇಲಾದ ಉದಾಹರಣೆಗಳಲ್ಲಿ ಇದೊಂದು.

ಶ್ರಾವಣದ ಹುಣ್ಣಿಮೆಗೆ ಮುಂಚಿನ ಶುಕ್ರವಾರದ ವರಮಹಾಲಕ್ಷ್ಮಿ ವ್ರತ ಮುಖ್ಯವಾಗಿ ಹಳೆಯ ಮೈಸೂರು ಸೀಮೆಯಲ್ಲೂ ಪಟ್ಟಣಗಳಲ್ಲೂ ಹರಡಿದ ಹಬ್ಬ. ಲಕ್ಷ್ಮಿಯ ಆಸನವಾದ ತಾವರೆಗೆ ಅಂದು ಇನ್ನಿಲ್ಲದ ಬೇಡಿಕೆ. ಕನಕಾಂಬರ, ಸೇವಂತಿಗೆ, ಮಲ್ಲಿಗೆಗಳ ಬೆಲೆಯೂ ಒಂದೆರಡು ದಿನ ಮೊದಲೇ ಏರತೊಡಗುತ್ತದೆ. 1928ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲೂ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲೂ ಹಬ್ಬದ ಹಿಂದಿನ ದಿನ ನಸುಕಿನಲ್ಲೇ ಕಾಲಿಡಲು ಜಾಗವಿರುವುದಿಲ್ಲ, ಮತ್ತು ಮರುದಿನದ ಪತ್ರಿಕೆಗಳಲ್ಲಿ ಹೂವಿನ ದರದ ಸುದ್ದಿ ತಪ್ಪುವುದಿಲ್ಲ.

ಭಾದ್ರಪದದ ಹೊತ್ತಿಗೆ ಮಳೆ ತಗ್ಗಿ ಪಶ್ಚಿಮಘಟ್ಟದ ಸೆರಗಿನ ಬೇಲಿಗಳಲ್ಲಿ ಒಂದು ಬಳ್ಳಿ ಹೂ ಬಿಡುತ್ತದೆ. ಕೆಳಗೆ ಹಳದಿ, ತುದಿಗೆ ಕೆಂಪು ಬಣ್ಣದ, ಅಂಚು ಸುಕ್ಕುಗಟ್ಟಿ ಮೇಲಕ್ಕೆ ಬಾಗಿದ ಆರು ಎಸಳುಗಳ ಈ ಹೂವನ್ನು ಸಂಸ್ಕೃತದಲ್ಲಿ ಅಗ್ನಿಶಿಖೆಯೆಂದೂ ಮಲೆನಾಡಿನಲ್ಲಿ ಗೌರಿಹೂವೆಂದೂ ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದು ಗ್ಲೋರಿಯೋಸಾ ಸುಪರ್ಬಾ. ಇದರ ಗಡ್ಡೆ ಕಡುವಿಷ. ಗಣೇಶನ ಹಬ್ಬದ ಹಿಂದಿನ ದಿನ ಮನೆಗೆ ಬರುವ ಗೌರಿಗೆ ಈ ಹೂವು ಇರಲೇಬೇಕೆಂದು ಮಕ್ಕಳು ಬೇಲಿ ಬೇಲಿ ಹುಡುಕಿ ತರುವುದು ಮಲೆನಾಡಿನ ಪದ್ಧತಿ. ಇದೇ ಹೂವು ಕೊಡವ ಭಾಷೆಯಲ್ಲಿ ತೋಕ್ ಪೂ, ಎಂದರೆ ಕೋವಿಯ ಹೂವು. ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ 3ರ ಸುಮಾರಿಗೆ ಕೊಡವರು ಆಚರಿಸುವ ಕೈಲ್ ಪೊಳ್ದ್ ಆಯುಧಗಳ ಹಬ್ಬ. ಒರೆಸಿ ಸಿದ್ಧಮಾಡಿದ ಕೋವಿ, ಒಡಿಕತ್ತಿಗಳನ್ನು ದೇವರ ಕೋಣೆಯಲ್ಲಿಟ್ಟು, ಕೋವಿಗಳ ನಳಿಗೆಗೆ ಈ ಹೂವನ್ನು ಸಿಕ್ಕಿಸಿ ಪೂಜಿಸುತ್ತಾರೆ. ಬೆಳೆಯುತ್ತಿರುವ ಭತ್ತವನ್ನು ಕಾಡುಹಂದಿಗಳಿಂದ ಕಾಯುವ ಕಾಲ ಅಲ್ಲಿಂದ ಆರಂಭವಾಗುತ್ತಿತ್ತು.

ಕೈಲ್ ಪೊಳ್ದ್ ಕಳೆದು ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ 8ರಂದು, ಮಂಗಳೂರು ಉಡುಪಿಗಳ ಕೊಂಕಣಿ ಕ್ರೈಸ್ತರು ಕನ್ಯಾಮರಿಯಳ ಜನ್ಮದಿನವನ್ನು ಮೊಂತಿ ಫೆಸ್ತ್ ಎಂಬ ಹೆಸರಿನಲ್ಲಿ ಆಚರಿಸುತ್ತಾರೆ. ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳ ಪ್ರಾರ್ಥನೆಗೆ ಮಕ್ಕಳು ಬುಟ್ಟಿಗಳಲ್ಲಿ ಹೂವು ತಂದು, ಶಿಶು ಮರಿಯಳ ಮೂರ್ತಿಯ ಮುಂದೆ ಗೀತೆ ಹಾಡುತ್ತ ಎರಚುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚಲಾಗುತ್ತದೆ. ಹಿತ್ತಿಲಿನ ದಾಸವಾಳ, ಗೊಂಡೆಗಳಿಂದ ಹಿಡಿದು ಗುಡ್ಡದ ಹೂಗಳವರೆಗೆ ಆ ದಿನಗಳಲ್ಲಿ ಅರಳಿದ್ದೆಲ್ಲ ಆ ಬುಟ್ಟಿಗೆ ಸೇರುತ್ತದೆ. ಹೀಗೆ ಗೌರಿ, ಕೋವಿ, ಮರಿಯಮ್ಮ ಮೂವರೂ ಹೂವು ಪಡೆಯುವುದು ಒಂದೇ ಮಳೆಯ ಬೆನ್ನಿಗೆ. ಉತ್ತರ ಕನ್ನಡದಲ್ಲಿ ಗಣಪತಿಯ ಮೇಲೆ ಕಟ್ಟುವ ಫಲಾವಳಿಯಲ್ಲೂ, ಎಂದರೆ ಕಾಯಿ, ಹಣ್ಣು, ಹೂಗೊಂಚಲುಗಳನ್ನು ಇಳಿಬಿಟ್ಟ ಚಪ್ಪರದಲ್ಲೂ, ಕಾಡಿನಿಂದ ತಂದವುಗಳಿಗೇ ಹೆಚ್ಚಿನ ಮರ್ಯಾದೆ.

ಶರದೃತು ಹಳದಿಯ ಕಾಲ. ಆಯುಧಪೂಜೆಯ ದಿನ ಬಸ್ಸು, ಲಾರಿ, ಯಂತ್ರ, ಅಂಗಡಿಯ ತಕ್ಕಡಿಗಳಿಗೂ ಚೆಂಡುಹೂವಿನ ಹಾರ ಬೀಳುತ್ತದೆ. ವಿಜಯದಶಮಿಯಂದು ಮೈಸೂರಿನಲ್ಲಿ ಚಿನ್ನದ ಅಂಬಾರಿಯಲ್ಲಿ ಕುಳಿತ ಚಾಮುಂಡೇಶ್ವರಿಗೆ ಮುಖ್ಯಮಂತ್ರಿ ಪುಷ್ಪಾರ್ಚನೆ ಮಾಡಿದ ಮೇಲೆಯೇ ಜಂಬೂಸವಾರಿ ಹೊರಡುತ್ತದೆ. ದೀಪಾವಳಿಯ ಬಲಿಪಾಡ್ಯಮಿಯಂದು ಹಟ್ಟಿಯ ಮುಂದೆ ಸಗಣಿಯ ಉಂಡೆಗಳನ್ನು ಸಾಲಾಗಿಟ್ಟು ಹೂ ಸಿಕ್ಕಿಸುವ ಪದ್ಧತಿ ನಾಡಿನ ಬಹುಭಾಗದಲ್ಲಿದೆ. ಉತ್ತರ ಕರ್ನಾಟಕದಲ್ಲಿ ಇವು ಪಾಂಡವರು, ಮಧ್ಯ ಕರ್ನಾಟಕದ ಕೆಲವೆಡೆ ಕೆರಕಗಳು. ಚೆಂಡುಹೂವಿನ ಜೊತೆಗೆ ಉತ್ತರಾಣಿಯ ಕಡ್ಡಿ, ಹೊನ್ನಾವರಿಕೆ, ಹುಚ್ಚೆಳ್ಳಿನ ಹೂಗಳು ಇದಕ್ಕೆ ಬೇಕು. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲುಗಳಾಗಿ, ಅಂದರೆ ಮುಖ್ಯ ಬೆಳೆಯ ನಡುವೆ ಅಲ್ಲಲ್ಲಿ ಬಿಟ್ಟ ಸಾಲುಗಳಲ್ಲಿ, ಬಿತ್ತಿದ ಹುಚ್ಚೆಳ್ಳು ಸರಿಯಾಗಿ ಈ ಹೊತ್ತಿಗೆ ಹಳದಿಯಾಗಿರುತ್ತದೆ. ಹೊನ್ನಾವರಿಕೆ ನೆರೆಯ ತೆಲಂಗಾಣದಲ್ಲಿ ತಂಗೇಡು ಎಂಬ ಹೆಸರಿನಿಂದ, ಹೂಗಳನ್ನೇ ಗೋಪುರದಂತೆ ಜೋಡಿಸಿ ಹೆಂಗಸರು ಸುತ್ತ ಹಾಡುವ ಬತುಕಮ್ಮ ಹಬ್ಬದ ಮುಖ್ಯ ಹೂವಾಗಿದೆ.

ಹಬ್ಬದ ಹೂಗಳೆಲ್ಲ ಅನಾದಿ ಕಾಲದಿಂದ ಇಲ್ಲಿದ್ದವೆಂಬ ಭಾವನೆಯನ್ನು ಚೆಂಡುಹೂವೇ ಸುಳ್ಳುಮಾಡುತ್ತದೆ. ಇದರ ತವರು ಮೆಕ್ಸಿಕೊ. ಯುರೋಪಿಯನ್ನರ ಸಮುದ್ರವ್ಯಾಪಾರದ ಕಾಲದಲ್ಲಿ ಭಾರತಕ್ಕೆ ಬಂದ ಇದು ಯಾವ ಪುರಾಣದ ಅಪ್ಪಣೆಯನ್ನೂ ಕಾಯದೆ ತೋರಣಗಳಿಗೆ ಏರಿತು. ಮೆಕ್ಸಿಕೊದಲ್ಲಿ ನವೆಂಬರ್ 1 ಮತ್ತು 2ರಂದು ನಡೆಯುವ ಮೃತರ ದಿನದಲ್ಲಿ ಇದೇ ಹೂವಿನ ಎಸಳುಗಳನ್ನು ದಾರಿಯುದ್ದಕ್ಕೂ ಚೆಲ್ಲಿ ಅಗಲಿದವರನ್ನು ಮನೆಗೆ ಕರೆಯುತ್ತಾರೆ, ಹೆಚ್ಚುಕಡಿಮೆ ಇಲ್ಲಿ ಬಲೀಂದ್ರನನ್ನು ಪಾತಾಳದಿಂದ ಕರೆಯುವ ದಿನಗಳಲ್ಲೇ. ದೇವಕಣಗಿಲೆಯೂ ಅಮೆರಿಕ ಖಂಡದಿಂದ ಬಂದು ದೇವರ ಹೆಸರು ಪಡೆದ ಹೂವು.

ಸೇವಂತಿಗೆಯ ಕಥೆ ಬೇರೆ. ಇದು ಹಗಲು ಚಿಕ್ಕದಾಗಿ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ. ಹಾಗಾಗಿ ತಾನಾಗಿ ಅರಳಿದರೆ ದಸರಾ ಕಳೆದ ಮೇಲಿನ ತಿಂಗಳುಗಳೇ ಅದರ ಕಾಲ. ಚಿಕ್ಕಬಳ್ಳಾಪುರದ ಸುತ್ತಿನ ಕೆಲವು ರೈತರು ಹೊಲದ ಮೇಲೆ ತಂತಿ ಎಳೆದು, ಬಲ್ಬುಗಳನ್ನು ತೂಗುಹಾಕಿ, ರಾತ್ರಿ ಕೆಲವು ಗಂಟೆ ಬೆಳಕು ಕೊಟ್ಟು ಗಿಡಕ್ಕೆ ಹಗಲು ಮುಗಿದಿಲ್ಲವೆಂಬ ಭ್ರಮೆ ಹುಟ್ಟಿಸಿ, ಮೊಗ್ಗನ್ನು ತಡೆದು, ತಮಗೆ ಬೇಕಾದ ಹಬ್ಬದ ಬೆಲೆಗೆ ಹೂವು ಸಿಗುವಂತೆ ಮಾಡುತ್ತಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕ ಬಂಗಾರದಂಥ ಚೆಂಡುಹೂ ತಳಿಗಳೂ ಅರ್ಕ ಕಾಮಿನಿ, ಅರ್ಕ ಪೂರ್ಣಿಮಾದಂಥ ಚೈನಾ ಆಸ್ಟರ್ ತಳಿಗಳೂ ಹೂವಿನ ಕೃಷಿಗೆ ನೆರವಾಗಿವೆ. ಒಂದು ನಾಡಿನ ಹಬ್ಬಕ್ಕೆ ಇನ್ನೊಂದು ನಾಡು ಹೂ ಬೆಳೆಯುವುದಕ್ಕೆ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ನಿದರ್ಶನ. ಕೇರಳದವರು ಓಣಂ ಹಬ್ಬದ ಹತ್ತು ದಿನ ಅಂಗಳದಲ್ಲಿ ಹಾಕುವ ಪೂಕ್ಕಳಂ ಎಂಬ ಹೂವಿನ ರಂಗೋಲಿಗೆ ಇಲ್ಲಿಂದ ಚೆಂಡುಹೂವು ಹೋಗುತ್ತದೆ. ಹೂವಿನಿಂದ ಬಣ್ಣದ ಸತ್ತ್ವ ತೆಗೆಯುವ ಕಾರ್ಖಾನೆಗಳೂ ಕೊಳ್ಳುತ್ತವೆ. ಮನೆಯ ಸುತ್ತಲ ತುಂಬೆ ಮೊದಲಾದ ಹೂಗಳನ್ನು ಮಕ್ಕಳು ಕೊಯ್ದು ತಂದು ಹಾಕುತ್ತಿದ್ದ ಪೂಕ್ಕಳಂ ಈಗ ಗಡಿ ದಾಟಿ ಬಂದ ಕಿಲೋಗಟ್ಟಲೆ ಹೂವಿನ ಮೇಲೆ ನಿಂತಿದೆ.

ಚಳಿಗಾಲದ ಹಬ್ಬಗಳಲ್ಲಿ ಹೂವಿನ ಪಾತ್ರ ಹಿನ್ನೆಲೆಯದು. ಸಂಕ್ರಾಂತಿಯಲ್ಲಿ ಎಳ್ಳು, ಕಬ್ಬು, ಅವರೆಗಳದೇ ಮುಂದಾಳ್ತನ, ಹೂವು ದನಗಳ ಕೊಂಬು ಕೊರಳುಗಳಿಗೆ. ಶಿವರಾತ್ರಿಯಲ್ಲಿ ಬಿಲ್ವದ ಜೊತೆಗೆ ಎಕ್ಕ, ದತ್ತೂರ, ತುಂಬೆಗಳು ಶಿವನಿಗೆ ಏರುತ್ತವೆ. ಹಾಳುಭೂಮಿಯಲ್ಲೂ ಬೆಳೆಯುವ, ಯಾರೂ ಬೆಲೆ ಕಟ್ಟದ ಗಿಡಗಳಿವು. ಬಡವನಿಗೂ ಪೂಜೆ ತಪ್ಪಬಾರದೆಂಬ ವಿವೇಕ ಈ ಆಯ್ಕೆಯಲ್ಲಿದೆ.

ಹೂವು ಕಟ್ಟುವುದೂ ಮುಟ್ಟಿಸುವುದೂ ಹಲವರ ಕುಲಕಸುಬು. ಉತ್ತರ ಕರ್ನಾಟಕದಲ್ಲಿ ಹೂಗಾರರು ಮನೆಮನೆಗೆ, ಗುಡಿ ಮಠಗಳಿಗೆ ಹೂಪತ್ರೆ ಕೊಟ್ಟು, ಸುಗ್ಗಿಯಲ್ಲಿ ಧಾನ್ಯ ಪಡೆಯುವ ಆಯದ ಪದ್ಧತಿ ಬಹುಕಾಲ ನಡೆಯಿತು; ಪಟ್ಟಣದ ಬೀದಿಗಳಲ್ಲಿ ಆ ಕೆಲಸ ಹೂವಾಡಗಿತ್ತಿಯದು. ಗ್ರಾಮದೇವತೆಗಳ ಗುಡಿಗಳಲ್ಲಿ ಹೂ ಪ್ರಸಾದ ಕೇಳುವ ರೂಢಿಯಿದೆ: ಮದುವೆ, ಬಾವಿ ತೋಡುವುದು, ಜಾತ್ರೆ ನಡೆಸುವುದು ಮೊದಲಾದವುಗಳಿಗೆ ಅಪ್ಪಣೆ ಬೇಡಿ ನಿಂತಾಗ ಮೂರ್ತಿಯ ಬಲಗಡೆಯಿಂದ ಹೂವು ಬಿದ್ದರೆ ಒಪ್ಪಿಗೆ, ಎಡಗಡೆಯಿಂದ ಬಿದ್ದರೆ ಬೇಡವೆಂದು ಅರ್ಥ. ಹೂವಿನ ಮಂಗಳತ್ವಕ್ಕೆ ಕ್ರೂರವಾದ ಇನ್ನೊಂದು ಮುಖವೂ ಇತ್ತು. ಮುತ್ತೈದೆಗೆ ಅರಿಶಿನ ಕುಂಕುಮದೊಡನೆ ಹೂವು ಕೊಡುವುದು ಮರ್ಯಾದೆಯಾದ ಸಮಾಜದಲ್ಲೇ, ಗಂಡ ಸತ್ತ ಹೆಣ್ಣು ಹೂವು ಮುಡಿಯುವಂತಿರಲಿಲ್ಲ, ಹಬ್ಬದ ಆರತಿಗೆ ಮುಂದೆ ಬರುವಂತಿರಲಿಲ್ಲ. ಈ ನಿಷೇಧ ಸಡಿಲಗೊಂಡಿದೆಯೇ ಹೊರತು ಇಲ್ಲವಾಗಿಲ್ಲ.

ದೇವರ ಹಂಗಿಲ್ಲದ ಹೂವಿನ ಹಬ್ಬವೂ ಒಂದುಂಟು. 1760ರಲ್ಲಿ ಹೈದರಾಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗಿನಲ್ಲಿ, 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಯೊಳಗೆ, ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಸಂದರ್ಭದಲ್ಲಿ ವರ್ಷಕ್ಕೆರಡು ಬಾರಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. 2022ರ ಆಗಸ್ಟಿನಲ್ಲಿ ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್, 2023ರ ಆಗಸ್ಟಿನಲ್ಲಿ ಕೆಂಗಲ್ ಹನುಮಂತಯ್ಯ ಮತ್ತು ವಿಧಾನಸೌಧ, 2024ರ ಜನವರಿಯಲ್ಲಿ ಬಸವಣ್ಣ ಮತ್ತು ವಚನಸಾಹಿತ್ಯ ಇದರ ವಿಷಯಗಳಾಗಿದ್ದವು.

ಇಂದು ಚೆಂಡುಹೂವು, ಸೇವಂತಿಗೆ, ಗುಲಾಬಿಗಳು ಯಾವ ಹಬ್ಬಕ್ಕಾದರೂ ಯಾವ ಊರಿನಲ್ಲಾದರೂ ಸಿಗುತ್ತವೆ. ಬಾಗಿಲಿಗೆ ಕಟ್ಟಲು ಪ್ಲಾಸ್ಟಿಕ್ ಹೂವಿನ ತೋರಣಗಳೂ ಬಂದಿವೆ. ಹೂವಿನ ಈ ವ್ಯಾಪಾರದಿಂದ ಬೆಳೆಗಾರನಿಗೂ ಕಟ್ಟುವವಳಿಗೂ ಕೂಲಿ ಸಿಕ್ಕಿದೆ ಎಂಬುದು ಕಡೆಗಣಿಸುವ ಮಾತಲ್ಲ. ಆದರೆ ಹಬ್ಬಹಬ್ಬಕ್ಕೂ ಇದ್ದ ಬೇರೆ ಬೇರೆ ಬಣ್ಣ, ಪರಿಮಳಗಳು ಕಲೆತು ಒಂದಾಗುತ್ತಿವೆ. ಗೌರಿಹೂವು, ಕೇದಗೆ, ತುಂಬೆ, ಹುಚ್ಚೆಳ್ಳುಗಳು ಪೇಟೆಯ ಹೂವಿನಂಗಡಿಗೆ ಬರುವುದು ಅಪರೂಪ. ಬೇಲಿ ತೆಗೆದು ತಂತಿ ಹಾಕಿದ ಕಡೆ ಗೌರಿಹೂವಿಲ್ಲ, ಅಕ್ಕಡಿ ಸಾಲು ನಿಂತುಹೋದ ಹೊಲಗಳ ಊರಿನಲ್ಲಿ ದೀಪಾವಳಿಯ ಕೆರಕಕ್ಕೆ ಸಿಕ್ಕಿಸಲು ಚೆಂಡುಹೂವು ಮಾತ್ರ ಉಳಿದಿದೆ.